ಜಲನಿಮಜ್ಜನವೂ ವಾಯುಭಾರವೂ

ನೀರಿನೊಳಗೆ ಇಳಿಯುವ ಮನುಷ್ಯನಿಗೆ ಅಪಾಯವು ನೀರಿನಿಂದಲೇ ಬರುವುದೆಂಬುದು ಲೋಕದ ಸಾಮಾನ್ಯವಾದ ತಿಳಿವಳಿಕೆ. ಉಸಿರು ಕಟ್ಟುವುದು, ಸುಳಿಗೆ ಸಿಕ್ಕುವುದು, ಜಲಚರಗಳ ಬಾಯಿಗೆ ಬೀಳುವುದು, ಇವೇ ಮುಳುಗುವವರಿಗೆ ಒದಗುವ ವಿಪತ್ತುಗಳೆಂದು ಕಥೆಗಳೂ ಪ್ರವಾಸವೃತ್ತಾಂತಗಳೂ ವರ್ಣಿಸುತ್ತ ಬಂದಿವೆ. ಆದರೆ ನಿಮಜ್ಜನವಿದ್ಯೆಯ ಚರಿತ್ರೆಯನ್ನು ಪರಿಶೀಲಿಸಿದರೆ ಬೇರೊಂದು ಸಂಗತಿಯು ಎದ್ದು ಕಾಣುತ್ತದೆ. ಉಸಿರಾಡುವುದಕ್ಕೆ ಬೇಕಾದ ಗಾಳಿಯನ್ನು ನೀರಿನ ತಳಕ್ಕೆ ಸಾಗಿಸುವ ಉಪಾಯವನ್ನು ಮನುಷ್ಯನು ಕಂಡುಕೊಂಡ ಮೇಲೆ ಅವನನ್ನು ಹೆಚ್ಚಾಗಿ ಬಾಧಿಸಿದುದು ಆ ಗಾಳಿಯೇ. ಅದೂ ಇಳಿಯುವಾಗಲ್ಲ, ಮೇಲೇರಿದ ಬಳಿಕ. ಈ ಬಾಧೆಗೆ ಮೂಲವಾದ ಭೌತನಿಯಮವು ೧೬೬೨ರಲ್ಲಿಯೇ ಪ್ರಕಟವಾಗಿತ್ತು. ಅದನ್ನು ಮನುಷ್ಯದೇಹಕ್ಕೆ ಅನ್ವಯಿಸಿ, ಮೇಲೇರುವ ಕ್ರಮವನ್ನು ನಿಮಿಷಗಳ ಲೆಕ್ಕದಲ್ಲಿ ಗೊತ್ತುಮಾಡಿದ ಪಟ್ಟಿಯು ವಿದ್ವಾಂಸರ ಪತ್ರಿಕೆಯಲ್ಲಿ ಅಚ್ಚಾದುದು ೧೯೦೮ರಲ್ಲಿ. ನಡುವೆ ೨೪೬ ವರ್ಷಗಳು ಕಳೆದುವು. ಇಷ್ಟು ವಿಳಂಬವು ಹೇಗಾಯಿತು, ಅದರ ಬೆಲೆಯನ್ನು ತೆತ್ತವರು ಯಾರು ಎಂಬ ವಿಷಯವನ್ನು ಇಲ್ಲಿ ವಿಚಾರಿಸಲಾಗಿದೆ.

೧

ಪ್ರಾಚೀನ ಕಾಲದ ಮುಳುಗುಗಾರನು ಒಂದೇ ಉಸಿರನ್ನು ನಂಬಿ ಇಳಿಯುತ್ತಿದ್ದವನು. ಸಿಂಹಳಕ್ಕೂ ತಮಿಳುನಾಡಿಗೂ ನಡುವಣ ಮನ್ನಾರ್ ಕೊಲ್ಲಿಯಲ್ಲಿ ಮುತ್ತಿನ ಚಿಪ್ಪುಗಳನ್ನು ತೆಗೆಯುತ್ತಿದ್ದವರು ಹಗ್ಗಕ್ಕೆ ಕಟ್ಟಿದ ಕಲ್ಲಿನ ಭಾರದಿಂದ ತಳವನ್ನು ಮುಟ್ಟಿ, ಒಂದು ನಿಮಿಷದಷ್ಟು ಹೊತ್ತು ಚಿಪ್ಪುಗಳನ್ನು ಬಾಚಿಕೊಂಡು, ಮತ್ತೆ ಮೇಲಕ್ಕೆ ಬರುತ್ತಿದ್ದರು. ಇಳಿಯುವಾಗ ಶ್ವಾಸಕೋಶದೊಳಗಿನ ಗಾಳಿಯು ಅಡಕವಾಗುತ್ತದೆ. ಏರುವಾಗ ಅದೇ ಗಾಳಿಯು ಹಿಗ್ಗಿ ಮೊದಲಿನ ಗಾತ್ರಕ್ಕೆ ಬರುತ್ತದೆ. ಕೊಂಡೊಯ್ದ ಒಂದು ಉಸಿರಿಗಿಂತ ಹೆಚ್ಚಿನ ಗಾಳಿಯು ದೇಹವನ್ನು ಸೇರುವುದಕ್ಕೆ ಅವಕಾಶವೇ ಇಲ್ಲ. ಆದಕಾರಣ ಈ ವೃತ್ತಿಯವರಿಗೆ ಬೇರೆ ಕಷ್ಟಗಳು ಎಷ್ಟೇ ಇದ್ದರೂ ಮುಂದೆ ವಿವರಿಸತಕ್ಕ ವ್ಯಾಧಿಯು ಸಾಮಾನ್ಯವಾಗಿ ಅವರನ್ನು ಮುಟ್ಟಲಿಲ್ಲ.

ಗಾಳಿಯನ್ನು ಕೆಳಕ್ಕೆ ಒಯ್ಯುವ ಯತ್ನವೂ ಹಳೆಯದೇ. ಕೊಪ್ಪರಿಗೆಯನ್ನು ಬೋರಲಾಗಿ ನೀರಿನಲ್ಲಿ ಇಳಿಸಿದರೆ ಅದರೊಳಗಣ ಗಾಳಿಯು ಮುಳುಗುವವರಿಗೆ ಉಸಿರಾಡಲು ಒದಗುತ್ತದೆಂಬ ಮಾತು ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ‘ಪ್ರಾಬ್ಲೆಮಾಟ’ ಎಂಬ ಗ್ರಂಥದಲ್ಲಿ ಇದೆ. ಈ ಕೊಪ್ಪರಿಗೆಯೊಳಗೆ ನಡೆಯುವುದೇನೆಂಬುದನ್ನು ಅಳತೆಗೆ ಒಳಪಡಿಸಿದವನು ರಾಬರ್ಟ್ ಬಾಯ್ಲನು. ಉಷ್ಣತೆಯು ಬದಲಾಗದಿರುವಾಗ ಗಾಳಿಯ ಮೇಲಣ ಒತ್ತಡವು ಎಷ್ಟು ಮಡಿ ಹೆಚ್ಚಿದರೆ ಅದರ ಗಾತ್ರವು ಅಷ್ಟು ಮಡಿ ಕುಗ್ಗುತ್ತದೆಂದು ಅವನು ೧೬೬೨ರಲ್ಲಿ ಪ್ರತಿಪಾದಿಸಿದನು. ಭೂಮಿಯ ಮೇಲೆ ಗಾಳಿಯ ಸಾಗರವು ಒಂದೊಂದು ಚದರ ಅಂಗುಲವನ್ನೂ ಸುಮಾರು ೧೫ ಪೌಂಡಿನಷ್ಟು ಒತ್ತುತ್ತದೆ. ಇದಕ್ಕೆ ಒಂದು ವಾಯುಭಾರವೆಂದು ಹೆಸರು. ನೀರು ಗಾಳಿಗಿಂತ ಬಹಳ ಭಾರವಾದುದರಿಂದ ಸಮುದ್ರದಲ್ಲಿ ೩೩ ಅಡಿ ಇಳಿದ ಮಾತ್ರಕ್ಕೆ ಇನ್ನೊಂದು ವಾಯುಭಾರವು ಕೂಡಿಕೊಳ್ಳುತ್ತದೆ. ಬೋರಲು ಹಾಕಿದ ಕೊಪ್ಪರಿಗೆಯಲ್ಲಿ ಗಾಳಿಯು ೩೩ ಅಡಿಯಲ್ಲಿ ಅರ್ಧಕ್ಕೂ, ೬೬ ಅಡಿಯಲ್ಲಿ ಮೂರರಲ್ಲೊಂದು ಪಾಲಿಗೂ, ೯೯ ಅಡಿಯಲ್ಲಿ ಕಾಲು ಭಾಗಕ್ಕೂ ಇಳಿಯುತ್ತದೆ. ಉಳಿದ ಸ್ಥಳವನ್ನು ನೀರು ಆಕ್ರಮಿಸುತ್ತದೆ. ವಾಚಕರು ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನೀರಿನ ಮೇಲ್ಮೈಗೆ ಹತ್ತಿರವಾದ ೩೩ ಅಡಿಗಳಲ್ಲಿಯೇ ಗಾಳಿಯ ಗಾತ್ರವು ಇಮ್ಮಡಿಯಾಗುತ್ತದೆ. ಆಳದಲ್ಲಿನ ಅಷ್ಟೇ ಅಡಿಗಳಲ್ಲಿ ಬದಲಾವಣೆಯು ಅಲ್ಪ. ಏರುವವನಿಗೆ ಕಡೆಯ ಹೆಜ್ಜೆಗಳೇ ಕಠಿನವಾದವು.

ಬಾಯ್ಲನ ಇನ್ನೊಂದು ಪ್ರಯೋಗವು ೧೬೭೦ರಲ್ಲಿ ಪ್ರಕಟವಾಯಿತು. ಅವನು ವಿಷದ ಹಾವೊಂದನ್ನು ಗಾಜಿನ ಪಾತ್ರೆಯಲ್ಲಿಟ್ಟು, ಯಂತ್ರದಿಂದ ಪಾತ್ರೆಯ ಗಾಳಿಯನ್ನು ಹೊರಕ್ಕೆ ಎಳೆದನು. ಆಗ ಹಾವಿನ ಒಂದು ಕಣ್ಣಿನ ದ್ರವದಲ್ಲಿ ಚಿಕ್ಕ ಗುಳ್ಳೆಯೊಂದು ಅತ್ತಿತ್ತ ಚಲಿಸುವುದು ಅವನಿಗೆ ಕಂಡುಬಂತು. ಒತ್ತಡವು ತಗ್ಗಿದರೆ ಪ್ರಾಣಿದೇಹದ ದ್ರವಗಳಲ್ಲಿ ಲೀನವಾಗಿದ್ದ ವಾಯುವು ಗುಳ್ಳೆಯಾಗಿ ಹೊರಬೀಳುವುದೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ. ಆದರೆ ಇದು ಮುಳುಗುಗಾರರ ವಿಷಯವೆಂದು ಆ ಕಾಲದಲ್ಲಿ ಯಾರೂ ಭಾವಿಸಲಿಲ್ಲ. ಭಾವಿಸುವುದಕ್ಕೆ ಕಾರಣವೂ ಇರಲಿಲ್ಲ. ಒತ್ತಿದ ಗಾಳಿಯಲ್ಲಿ ದಿನವೆಲ್ಲ ದುಡಿಯುವ ಮನುಷ್ಯರು ಆಗ ಇರಲಿಲ್ಲ.

ಧೂಮಕೇತುವಿನಿಂದ ಪ್ರಸಿದ್ಧನಾದ ಎಡ್ಮಂಡ್ ಹ್ಯಾಲಿಯು ಕೊಪ್ಪರಿಗೆಯ ಉಪಾಯವನ್ನೇ ದೊಡ್ಡದಾಗಿ ಮಾಡಿ, ಮರದ ಗಂಟೆಯೊಂದಕ್ಕೆ ಸೀಸವನ್ನು ಹೊದಿಸಿ, ತಳದಲ್ಲಿ ಗಾಳಿಯು ಕೆಟ್ಟಾಗ ಪೀಪಾಯಿಗಳಲ್ಲಿ ಹೊಸ ಗಾಳಿಯನ್ನು ಇಳಿಸುವ ಏರ್ಪಾಟನ್ನು ಕಲ್ಪಿಸಿದನು. ಇತರ ನಾಲ್ವರೊಡನೆ ತಾನೂ ಒಂಬತ್ತು ಹತ್ತು ಮಾರು ಆಳದಲ್ಲಿ ಒಂದೂವರೆ ಗಂಟೆಗೆ ಮಿಕ್ಕಿ ಇದ್ದುದಾಗಿ ಅವನು ೧೭೧೬ರ ಲೇಖನದಲ್ಲಿ ತಿಳಿಸಿದ್ದಾನೆ. ಅವನು ಗಮನಿಸಿದ ದೇಹಬಾಧೆಯು ಇಳಿಯುವಾಗ ಕಿವಿಗಳಲ್ಲಿ ಉಂಟಾಗುವ ನೋವು. ಬಳಿಕ ೧೭೮೯ರಲ್ಲಿ ಜಾನ್ ಸ್ಮೀಟನನು ರ‍್ಯಾಮ್ಸ್‌ಗೇಟ್ ಬಂದರಿನ ಕೆಲಸದಲ್ಲಿ ಗಂಟೆಗೆ ಪಂಪಿನಿಂದ ಎಡೆಬಿಡದೆ ಗಾಳಿಯನ್ನು ಒದಗಿಸಿದನು. ೧೮೩೦ರ ದಶಕದಲ್ಲಿ ಆಗಸ್ಟಸ್ ಸೀಬನು ತಾಮ್ರದ ಶಿರಸ್ತ್ರಾಣವನ್ನೂ ನೀರು ಹೊಗದ ಉಡುಪನ್ನೂ ಒಂದಾಗಿ ಜೋಡಿಸಿದನು. ೧೭೮೨ರಲ್ಲಿ ಸ್ಪಿಟ್‌ಹೆಡ್ ಬಳಿ ಮುಳುಗಿದ್ದ ‘ರಾಯಲ್ ಜಾರ್ಜ್’ ಎಂಬ ಯುದ್ಧನೌಕೆಯ ಅವಶೇಷಗಳನ್ನು ಈ ಉಡುಪನ್ನು ಧರಿಸಿದವರು ೧೮೩೯ರಿಂದ ೧೮೪೩ರವರೆಗೆ ತೆರವು ಮಾಡಿದರು. ಅವರಲ್ಲಿ ಪಳಗಿದವರೆಲ್ಲರೂ ಕೀಲುನೋವಿನಿಂದ ಮರಳಿ ಮರಳಿ ನರಳಿದರು. ತಣ್ಣೀರಿನ ವಾತವೆಂದು ಅದನ್ನು ಬಗೆದು ಸುಮ್ಮನಾದರು. ವ್ಯಾಧಿಯು ಹೀಗೆ ಬೇರೆ ಹೆಸರಿನಿಂದ ಒಳಹೊಕ್ಕಿತು.

೨

ಅದೇ ವರ್ಷಗಳಲ್ಲಿ ಒತ್ತಿದ ಗಾಳಿಯು ಸಮುದ್ರವನ್ನು ಬಿಟ್ಟು ನದಿಗಳ ತಳವನ್ನು ಪ್ರವೇಶಿಸಿತು. ಫ್ರಾನ್ಸಿನ ಲ್ವಾರ್ ನದಿಯ ಬದಿಯಲ್ಲಿ ಕಲ್ಲಿದ್ದಲಿನ ಗಣಿಯನ್ನು ತೋಡುತ್ತಿದ್ದ ಟ್ರಿಜೇ ಎಂಬ ಎಂಜಿನಿಯರನು ನೀರುಮರಳು ಒಳನುಗ್ಗದಂತೆ ೧೮೪೧ರಲ್ಲಿ ಕಬ್ಬಿಣದ ಕೊಳವೆಯೊಳಗೆ ಗಾಳಿಯನ್ನು ಒತ್ತಿ ತುಂಬಿದನು. ಕೆಲಸದವರು ಎರಡು ಬಾಗಿಲುಗಳ ಸಣ್ಣ ಕೋಣೆಯ ಮೂಲಕ ಒಳಹೊಕ್ಕು, ಅದೇ ಕೋಣೆಯಲ್ಲಿ ಒತ್ತಡವನ್ನು ಇಳಿಸಿಕೊಂಡು ಹೊರಬರುತ್ತಿದ್ದರು. ಕೇಸನ್ ಎಂದು ಹೆಸರಾದ ಈ ಯುಕ್ತಿಯಿಂದ ದೊಡ್ಡ ಸೇತುವೆಗಳ ಕಂಬಗಳನ್ನು ನದಿಯ ತಳಕ್ಕಿಂತ ಕೆಳಗೆ ಊರುವುದು ಸಾಧ್ಯವಾಯಿತು. ಹಲವು ಗಂಟೆಗಳ ಕಾಲ ದುಡಿದು ಹೊರಬಂದವರಿಗೆ ಕೀಲುಗಳಲ್ಲಿ ಉಗ್ರವಾದ ನೋವು ಹುಟ್ಟುವುದನ್ನು ಟ್ರಿಜೇಯೇ ೧೮೪೫ರಲ್ಲಿ ವರದಿಮಾಡಿದನು. ಪೋಲ್, ವಾಟೆಲ್ ಎಂಬ ಇಬ್ಬರು ವೈದ್ಯರು ೧೮೫೪ರಲ್ಲಿ ಎರಡು ಮುಖ್ಯ ವಿಷಯಗಳನ್ನು ತಿಳಿಸಿದರು: ಒತ್ತಡದಲ್ಲಿ ಇರುವವರೆಗೆ ಕೇಡಿಲ್ಲ, ಹೊರಬಂದ ಮೇಲೆಯೇ ಬಾಧೆ, ಬಾಧಿತನನ್ನು ಮತ್ತೆ ಒತ್ತಡಕ್ಕೆ ಒಯ್ದರೆ ನೋವು ಶಮನವಾಗುತ್ತದೆ. ಜರ್ಮನಿಯ ಹೊಪ್ಪೆ-ಸೈಲರನು ೧೮೫೭ರಲ್ಲಿ ರಕ್ತದೊಳಗೆ ಹುಟ್ಟುವ ವಾಯುಗುಳ್ಳೆಗಳನ್ನೇ ಇದರ ಕಾರಣವಾಗಿ ಸೂಚಿಸಿದನು. ಬಾಯ್ಲನು ಹಾವಿನ ಕಣ್ಣಿನಲ್ಲಿ ಕಂಡ ಗುಳ್ಳೆಯು ೧೮೭ ವರ್ಷಗಳ ಅನಂತರ ಮನುಷ್ಯವೈದ್ಯದ ಮಾತಾಯಿತು.

ಹೀಗಿರಲು, ಮುಂದಿನ ಅನಾಹುತಗಳನ್ನು ತಪ್ಪಿಸಲು ಬೇಕಾದ ಸೂಚನೆಗಳೆಲ್ಲ ಮುದ್ರಣದಲ್ಲಿ ಇದ್ದುವು. ಅವು ಕೆಲಸದ ಸ್ಥಳವನ್ನು ತಲುಪಲಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಿಸಿಸಿಪಿ ನದಿಗೆ ಜೇಮ್ಸ್ ಈಡ್ಸನು ಕಟ್ಟಿಸಿದ ಸೇತುವೆಯ ಕಂಬಗಳಿಗಾಗಿ ೧೮೭೦ರಲ್ಲಿ ಕೂಲಿಗಳು ೯೦ ಅಡಿಗೂ ಮೀರಿದ ಆಳದಲ್ಲಿ ಅಗೆದರು. ಕೆಲಸ ಮುಗಿಸಿದವರು ಕೆಲವೇ ನಿಮಿಷಗಳಲ್ಲಿ ಒತ್ತಡವನ್ನು ಕಳೆದುಕೊಂಡು ಹೊರಬಂದು ಉದ್ದವಾದ ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ಹನ್ನೆರಡಕ್ಕೂ ಹೆಚ್ಚು ಜನರು ಸತ್ತರು. ಅನೇಕರ ಕಾಲುಗಳು ಸ್ವಾಧೀನ ತಪ್ಪಿದುವು. ಸತುವಿನ ಮತ್ತು ಬೆಳ್ಳಿಯ ತುಣುಕುಗಳನ್ನು ಕೋದ ಪಟ್ಟಿಗಳನ್ನು ಮೈಗೆ ಕಟ್ಟಿಕೊಂಡರೆ ವ್ಯಾಧಿಯು ತಾಗದೆಂಬ ನಂಬಿಕೆಯು ಕೂಲಿಗಳಲ್ಲಿ ಹರಡಿತು. ಚಿಕಿತ್ಸೆಗೆ ನಿಯಮಿತನಾಗಿದ್ದ ಜಾಮಿನೆ ಎಂಬ ವೈದ್ಯನು ತಾನೇ ಕೆಳಗಿಳಿದು, ಬೇಗನೆ ಹೊರಬಂದು, ಕೈಕಾಲು ಆಡದಂತಾಗಿ ಬಿದ್ದನು. ಪ್ರಾಣವುಳಿದರೂ ಅವನು ದೋಷವನ್ನು ಆಯಾಸಕ್ಕೆ ಆರೋಪಿಸಿದನು. ಅವನು ಕೆಲಸದ ಹೊತ್ತನ್ನು ಕಡಿಮೆಮಾಡಿಸಿದುದು ಗುಣವನ್ನೇ ಕೊಟ್ಟಿತು. ಏಕೆಂದರೆ ಕಡಿಮೆ ಹೊತ್ತು ಇದ್ದವನ ದೇಹದಲ್ಲಿ ಲೀನವಾಗುವ ವಾಯುವೂ ಕಡಿಮೆ. ಕಾರಣವು ತಪ್ಪಾಗಿದ್ದರೂ ಉಪಾಯವು ಸರಿಯಾಗಿತ್ತು. ನೋವಿನಿಂದ ಸೊಂಟ ಬಾಗಿಸಿ ನಡೆಯುವವರನ್ನು ನೋಡಿ ಜೊತೆಗಾರರು, ಆಗ ಸ್ತ್ರೀಯರಲ್ಲಿ ರೂಢಿಯಾಗಿದ್ದ ‘ಗ್ರೀಷಿಯನ್ ಬೆಂಡ್’ ಎಂಬ ಬಾಗಿದ ನಿಲುವಿನ ಹೆಸರನ್ನು ಹಾಸ್ಯಕ್ಕಾಗಿ ಅವರಿಗೆ ಇಟ್ಟರು. ‘ಬೆಂಡ್ಸ್’ ಎಂದು ಇಂದಿಗೂ ವ್ಯಾಧಿಗೆ ಇರುವ ಹೆಸರು ಆ ಹಾಸ್ಯದಿಂದ ಬಂದುದು.

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಲ್ಲಿ ಇದೇ ಕಥೆಯು ಮರುಕಳಿಸಿತು. ಅಲ್ಲಿನ ವೈದ್ಯನಾದ ಆಂಡ್ರೂ ಸ್ಮಿತ್ತನು ಚಿಕಿತ್ಸೆಗೆ ಯೋಗ್ಯವಾದ ೧೧೦ ರೋಗಿಗಳ ವಿವರವನ್ನು ಬರೆದಿಟ್ಟನು. ಬಾಧಿತರನ್ನು ಮತ್ತೆ ಒತ್ತಡಕ್ಕೆ ಒಳಪಡಿಸುವ ಕೋಣೆಯೊಂದನ್ನು ಕಟ್ಟಬಹುದೆಂದೂ ಬರೆದನು, ಆದರೆ ಅಂಥ ಕೋಣೆಯನ್ನು ಅಲ್ಲಿ ಕಟ್ಟಲಿಲ್ಲ. ೧೮೭೨ರ ವಸಂತದಲ್ಲಿ ಮ್ಯಾನ್‌ಹ್ಯಾಟನ್ ಕಡೆಯ ಕಂಬದಲ್ಲಿ ಸಾವುಗಳು ಸಂಭವಿಸಿದಾಗ ಮುಖ್ಯ ಎಂಜಿನಿಯರನಾದ ವಾಷಿಂಗ್ಟನ್ ರೋಬ್ಲಿಂಗನು ಬಂಡೆಯವರೆಗೆ ಅಗೆಯುವ ಸಂಕಲ್ಪವನ್ನು ಬಿಟ್ಟು, ೭೮ ಅಡಿ ೬ ಅಂಗುಲದಲ್ಲಿ ಗಟ್ಟಿಯಾದ ಮರಳಿನ ಮೇಲೆಯೇ ಕಂಬವನ್ನು ನಿಲ್ಲಿಸಿದನು. ಅವನೂ ಅದೇ ವರ್ಷ ವ್ಯಾಧಿಗೆ ಗುರಿಯಾಗಿ ಹಾಸಿಗೆ ಹಿಡಿದನು. ಅವನ ಪತ್ನಿಯಾದ ಎಮಿಲಿಯು ಗಣಿತವನ್ನೂ ನಿರ್ಮಾಣಶಾಸ್ತ್ರವನ್ನೂ ಅಭ್ಯಾಸಮಾಡಿ, ಅವನ ಆದೇಶಗಳನ್ನು ಕೆಲಸದವರಿಗೆ ಮುಟ್ಟಿಸುತ್ತ, ೧೮೮೩ರಲ್ಲಿ ಸೇತುವೆಯು ತೆರೆಯುವವರೆಗೂ ಆ ಭಾರವನ್ನು ಹೊತ್ತಳು. ಸೇತುವೆಯ ಗೋಪುರವೊಂದು ಇಂದಿಗೂ ಬಂಡೆಯನ್ನು ಮುಟ್ಟದೆ ಮರಳಿನ ಮೇಲೆ ನಿಂತಿರುವುದಕ್ಕೆ ಈ ವ್ಯಾಧಿಯ ಭಯವೇ ಕಾರಣ.

೩

ಗೊಂದಲವನ್ನು ಪ್ರಯೋಗದಿಂದ ಬಗೆಹರಿಸಿದವನು ಫ್ರೆಂಚ್ ಶಾರೀರಶಾಸ್ತ್ರಜ್ಞನಾದ ಪಾಲ್ ಬೇರ್. ಅವನ ಬೃಹದ್ಗ್ರಂಥವು ೧೮೭೮ರಲ್ಲಿ ಹೊರಬಂತು. ದ್ರವವೊಂದರಲ್ಲಿ ಲೀನವಾಗುವ ವಾಯುವಿನ ಪರಿಮಾಣವು ಅದರ ಮೇಲಣ ಒತ್ತಡವನ್ನು ಅನುಸರಿಸಿ ಹೆಚ್ಚುತ್ತದೆಂದು ವಿಲಿಯಂ ಹೆನ್ರಿಯು ೧೮೦೩ರಲ್ಲಿ ತೋರಿಸಿದ್ದನು. ಗೋಲಿ ಸೋಡದ ಸೀಸೆಯಲ್ಲಿ ಗೋಲಿಯನ್ನು ಒತ್ತಿದೊಡನೆ ನೀರು ನೊರೆಗಟ್ಟುವುದು ಈ ನಿಯಮದ ಫಲವೇ. ದೇಹವೂ ಹಾಗೆಯೇ ಎಂಬುದನ್ನು ಬೇರನು ನಾಯಿಗಳೇ ಮೊದಲಾದ ಪ್ರಾಣಿಗಳ ಮೇಲೆ ಪರೀಕ್ಷಿಸಿದನು. ಒತ್ತಿದ ಗಾಳಿಯನ್ನು ಉಸಿರಾಡುವವನ ರಕ್ತಕ್ಕೆ ಆಮ್ಲಜನಕವೂ ಸಾರಜನಕವೂ ಹೆಚ್ಚಾಗಿ ಸೇರುತ್ತವೆ. ಆಮ್ಲಜನಕವನ್ನು ದೇಹವು ಬಳಸಿಕೊಳ್ಳುತ್ತದೆ; ಸಾರಜನಕಕ್ಕೆ ದೇಹದಲ್ಲಿ ಉಪಯೋಗವಿಲ್ಲದುದರಿಂದ ಅದು ರಕ್ತದಿಂದ ಮಾಂಸಖಂಡ, ಕೊಬ್ಬು, ನರಗಳವರೆಗೂ ಹರಡಿ ಸುಮ್ಮನೆ ತಂಗುತ್ತದೆ. ಒತ್ತಡವು ಫಕ್ಕನೆ ತಗ್ಗಿದರೆ ಅದಕ್ಕೆ ಶ್ವಾಸಕೋಶದ ದಾರಿಯಿಂದ ಹೊರಡಲು ಹೊತ್ತು ಸಾಲದೆ, ಇದ್ದಲ್ಲಿಯೇ ಗುಳ್ಳೆಯಾಗುತ್ತದೆ. ಗುಳ್ಳೆಯು ಕೀಲಿನಲ್ಲಾದರೆ ನೋವು, ಬೆನ್ನುಹುರಿಯಲ್ಲಾದರೆ ಪಾರ್ಶ್ವವಾಯು, ಹೃದಯಕ್ಕೂ ಶ್ವಾಸಕೋಶಕ್ಕೂ ಹೆಚ್ಚಾಗಿ ಹೋದರೆ ಮರಣ. ನಿಧಾನವಾಗಿ ಮೇಲೇರಬೇಕೆಂಬುದು ಬೇರನ ಉಪದೇಶ. ಅತ್ಯಧಿಕ ಒತ್ತಡದಲ್ಲಿ ಆಮ್ಲಜನಕವೇ ವಿಷವಾಗಿ ಸೆಳವುಗಳನ್ನು ಉಂಟುಮಾಡುತ್ತದೆಂಬುದನ್ನೂ ಅವನೇ ಕಂಡುಹಿಡಿದನು.

ಉಪದೇಶವು ಆಚರಣೆಗೆ ಬರುವುದು ಮತ್ತೆ ತಡವಾಯಿತು. ನ್ಯೂಯಾರ್ಕಿನ ಹಡ್ಸನ್ ನದಿಯ ಸುರಂಗದಲ್ಲಿ ೧೮೮೯ರ ಹೊತ್ತಿಗೆ ೪೫-೫೦ ಕೆಲಸಗಾರರಲ್ಲಿ ತಿಂಗಳಿಗೊಬ್ಬನು ಸಾಯುತ್ತಿದ್ದನೆಂದು ಅರ್ನೆಸ್ಟ್ ಮಾಯಿರ್ ಎಂಬ ಎಂಜಿನಿಯರನು ಹೇಳಿದ್ದಾನೆ. ಅವನು ಬಾಧಿತರನ್ನು ಮತ್ತೆ ಒತ್ತಡಕ್ಕೆ ಒಳಪಡಿಸಿ ಮೆಲ್ಲನೆ ಇಳಿಸುವ ಚಿಕಿತ್ಸೆಯ ಕೋಣೆಯನ್ನು ಕಟ್ಟಿಸಿದ ಬಳಿಕ ೧೨೦ ಜನರಲ್ಲಿ ಹದಿನೈದು ತಿಂಗಳಿಗೆ ಸತ್ತವರು ಇಬ್ಬರು ಮಾತ್ರ. ಕಬ್ಬಿಣದ ಒಂದು ಕೋಣೆಯಿಂದ ಇಷ್ಟು ಪ್ರಾಣಗಳು ಉಳಿಯುವುದಾಗಿದ್ದರೆ ಅದಕ್ಕೂ ಹಿಂದಿನ ಮೂವತ್ತೈದು ವರ್ಷಗಳು, ಎಂದರೆ ಫ್ರೆಂಚ್ ವೈದ್ಯರ ವರದಿಯು ಬಂದಂದಿನಿಂದ ಕಳೆದ ಕಾಲವು, ಏತಕ್ಕೆ ಹೋಯಿತೆಂಬ ಪ್ರಶ್ನೆಯು ಹುಟ್ಟದಿರದು. ಕೂಲಿಗೆ ಹೊರಬರಲು ಅವಸರ; ಯಜಮಾನನಿಗೆ ಹೊರಬರುವ ಹೊತ್ತಿಗೂ ಕೂಲಿ ಕೊಡಲು ಮನಸ್ಸಿಲ್ಲ. ಶಾಸ್ತ್ರಕ್ಕೆ ಇವರಿಬ್ಬರ ನಡುವೆ ಎಡೆ ದೊರೆಯಲಿಲ್ಲ.

೪

ಮೆಲ್ಲನೆ ಏರಬೇಕೆಂದರೆ ಎಷ್ಟು ಮೆಲ್ಲನೆ ಎಂಬುದು ಉಳಿದ ಪ್ರಶ್ನೆ. ಉದ್ದಕ್ಕೂ ಒಂದೇ ಸಮನಾದ ನಿಧಾನಗತಿಯೇ ಕ್ಷೇಮವೆಂದು ಲೆನರ್ಡ್ ಹಿಲ್ಲನೇ ಮೊದಲಾದವರ ಪಕ್ಷ. ಬ್ರಿಟಿಷ್ ನೌಕಾಖಾತೆಯು ೧೯೦೫ರಲ್ಲಿ ಆಳನಿಮಜ್ಜನದ ವಿಚಾರಕ್ಕಾಗಿ ಸಮಿತಿಯನ್ನು ರಚಿಸಿದಾಗ ಆಕ್ಸ್‌ಫರ್ಡಿನ ಜಾನ್ ಸ್ಕಾಟ್ ಹಾಲ್ಡೇನನು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ಎ. ಇ. ಬಾಯ್‌ಕಾಟ್ ಎಂಬ ವೈದ್ಯನೂ ಜಿ. ಸಿ. ಸಿ. ಡೇಮಂಟ್ ಎಂಬ ನೌಕಾಧಿಕಾರಿಯೂ ಅವನ ಸಹೋದ್ಯೋಗಿಗಳು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಉಕ್ಕಿನ ಕೋಣೆಯಲ್ಲಿ ಆಡುಗಳನ್ನು ಒತ್ತಡಕ್ಕೆ ಒಳಪಡಿಸಿ ಅವರು ಪರೀಕ್ಷಿಸಿದರು. ನೋವು ತಗುಲಿದ ಆಡು ತನ್ನ ಕಾಲನ್ನು ನೆಲಕ್ಕೂರದೆ ಮಡಿಸಿ ಹಿಡಿಯುತ್ತಿತ್ತು. ಮಾತಿಲ್ಲದ ಪ್ರಾಣಿಯ ಆ ಚಿಹ್ನೆಯೇ ಅವರಿಗೆ ಸಾಕ್ಷಿ.

ಹಾಲ್ಡೇನನ ತರ್ಕವು ಸರಳವಾದುದು. ಎರಡು ವಾಯುಭಾರಗಳ ಒತ್ತಡದಿಂದ ಒಂದಕ್ಕೆ ಎಷ್ಟು ಬೇಗ ಬಂದರೂ, ಎಷ್ಟು ಹೊತ್ತು ಅಲ್ಲಿ ಇದ್ದು ಬಂದರೂ, ಬಾಧೆಯುಂಟಾಗದೆಂದು ಅನುಭವವು ತೋರಿಸಿತ್ತು. ಹಾಗಾದರೆ ಕೇಡನ್ನು ನಿರ್ಣಯಿಸುವುದು ಒತ್ತಡಗಳ ವ್ಯತ್ಯಾಸವಲ್ಲ, ಅವುಗಳ ಪ್ರಮಾಣ. ನಾಲ್ಕರಿಂದ ಎರಡಕ್ಕೂ, ಆರರಿಂದ ಮೂರಕ್ಕೂ ಬರುವುದು ಅಷ್ಟೇ ನಿರಪಾಯವಾಗಿರಬೇಕು. ೧೬೫ ಅಡಿ ಆಳದಲ್ಲಿ ದುಡಿದವನು ೬೬ ಅಡಿಯವರೆಗೆ ತಡೆಯಿಲ್ಲದೆ ಏರಬಹುದು. ಅಲ್ಲಿಂದ ಮೇಲೆ ಹತ್ತು ಹತ್ತು ಅಡಿಗೊಂದು ಸಾರಿ ನಿಂತು, ನೀರಿನ ಮೇಲ್ಮೈಗೆ ಸಮೀಪಿಸಿದಂತೆಲ್ಲ ಹೆಚ್ಚು ಹೊತ್ತು ನಿಂತು, ಸಾರಜನಕವು ಉಸಿರಿನೊಡನೆ ಹೊರಹೋಗಲು ಅವಕಾಶವನ್ನು ಕೊಡಬೇಕು. ಒಂದೇ ಸಮನಾದ ನಿಧಾನಗತಿಯಲ್ಲಿ ಆಳದ ಭಾಗದಲ್ಲಿ ಕಳೆಯುವ ಹೊತ್ತು ವ್ಯರ್ಥವಷ್ಟೇ ಅಲ್ಲ, ಆ ಹೊತ್ತಿನಲ್ಲಿ ದೇಹಕ್ಕೆ ಇನ್ನಷ್ಟು ವಾಯುವು ಸೇರುತ್ತದೆ. ದೇಹದ ಭಾಗಗಳೆಲ್ಲ ಒಂದೇ ವೇಗದಲ್ಲಿ ತುಂಬುವುದಿಲ್ಲವಾದ್ದರಿಂದ, ಅರ್ಧ ತುಂಬಲು ೫, ೧೦, ೨೦, ೪೦, ೭೫ ನಿಮಿಷಗಳು ಹಿಡಿಯುವ ಐದು ವರ್ಗಗಳನ್ನು ಕಲ್ಪಿಸಿಕೊಂಡು ಹಾಲ್ಡೇನನು ಲೆಕ್ಕವನ್ನು ಕಟ್ಟಿದನು.

ಲೆಕ್ಕವನ್ನು ಆಡುಗಳಿಂದ ಮನುಷ್ಯರಿಗೆ ಅನ್ವಯಿಸುವ ಸಾಹಸವು ೧೯೦೬ರಲ್ಲಿ ಸ್ಕಾಟ್ಲೆಂಡಿನ ಕೈಲ್ಸ್ ಆಫ್ ಬ್ಯೂಟ್ ಎಂಬ ಜಲಸಂಧಿಯಲ್ಲಿ ನಡೆಯಿತು. ಡೇಮಂಟನೂ ಕ್ಯಾಟೋ ಎಂಬ ಅವನ ಜೊತೆಗಾರನೂ ೨೧೦ ಅಡಿ ಇಳಿದು ಕ್ಷೇಮವಾಗಿ ಮೇಲೆ ಬಂದರು. ಹದಿಮೂರು ವರ್ಷದ ತನ್ನ ಮಗನನ್ನೂ ಹಾಲ್ಡೇನನು ಅಲ್ಲಿ ಉಡುಪು ತೊಡಿಸಿ ನೀರಿಗಿಳಿಸಿದನು. ಆ ಬಾಲಕನೇ ಮುಂದೆ ಪ್ರಸಿದ್ಧ ಜೀವಶಾಸ್ತ್ರಜ್ಞನಾದ ಜೆ. ಬಿ. ಎಸ್. ಹಾಲ್ಡೇನ್. ೧೯೩೯ರಲ್ಲಿ ‘ಥೀಟಿಸ್’ ಎಂಬ ಜಲಾಂತರ್ಗಾಮಿ ನೌಕೆಯು ಮುಳುಗಿ ೯೯ ಜನರು ಮಡಿದ ಬಳಿಕ ಅವನು ಒತ್ತಿದ ವಾಯುಗಳ ಪರಿಣಾಮವನ್ನು ತನ್ನ ದೇಹದ ಮೇಲೆಯೇ ಪರೀಕ್ಷಿಸಿ, ಆಮ್ಲಜನಕದ ಸೆಳವಿನಿಂದ ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡನು. ೧೯೫೭ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು.

ಪಟ್ಟಿಯ ಸತ್ಯತೆಗೆ ದೊಡ್ಡ ಪರೀಕ್ಷೆಯು ಮೊದಲನೆಯ ಮಹಾಯುದ್ಧದಲ್ಲಿ ಒದಗಿತು. ೧೯೧೭ರ ಜನವರಿಯಲ್ಲಿ ಐರ್ಲೆಂಡಿನ ಉತ್ತರ ತೀರದಲ್ಲಿ ‘ಲಾರೆಂಟಿಕ್’ ಎಂಬ ಹಡಗು ೩,೨೧೧ ಚಿನ್ನದ ಗಟ್ಟಿಗಳೊಡನೆ ಸುಮಾರು ೧೨೦ ಅಡಿ ಆಳದಲ್ಲಿ ಮುಳುಗಿತು. ಅದನ್ನು ಎತ್ತುವ ಕೆಲಸವು ಡೇಮಂಟನಿಗೇ ಬಂತು. ಅವನ ಜನರು ೧೯೨೪ರವರೆಗೆ ೩,೧೮೬ ಗಟ್ಟಿಗಳನ್ನು ಮೇಲೆತ್ತಿದರು. ಮುಳುಗುಗಾರರಲ್ಲಿ ಒಬ್ಬನೂ ಪ್ರಾಣ ಕಳೆದುಕೊಳ್ಳಲಿಲ್ಲ. ಸೇಂಟ್ ಲೂಯಿಸಿನ ಕೂಲಿಗಳು ಸತ್ತುದು ಇದಕ್ಕಿಂತ ಕಡಿಮೆ ಆಳದಲ್ಲಿ ಎಂಬುದನ್ನು ನೆನೆದರೆ ವಿಜ್ಞಾನವು ತಂದ ಅಂತರವು ಸ್ಪಷ್ಟವಾಗುತ್ತದೆ.

೫

ಬಳಿಕ ನಡೆದ ಸಂಶೋಧನೆಗಳು ಈ ನಿಯಮಗಳನ್ನು ತಿದ್ದಿದುವು, ವಿಸ್ತರಿಸಿದುವು. ಬಹಳ ಆಳಕ್ಕೂ ಬಹಳ ಹೊತ್ತಿಗೂ ಹಾಲ್ಡೇನನ ಪ್ರಮಾಣವು ಸಾಲದೆಂದು ತಿಳಿದುಬಂತು. ಆಳದಲ್ಲಿ ಮುಳುಗುಗಾರರಿಗೆ ಮದ್ಯಪಾನ ಮಾಡಿದವರಂತೆ ಬುದ್ಧಿ ಮಂಕಾಗುವುದಕ್ಕೆ ಸಾರಜನಕವೇ ಕಾರಣವೆಂದು ಆಲ್ಬರ್ಟ್ ಬೆಂಕೆ ಮೊದಲಾದವರು ೧೯೩೫ರಲ್ಲಿ ತೋರಿಸಿದರು. ಅದಕ್ಕೆ ಬದಲಾಗಿ ಹೀಲಿಯಂ ವಾಯುವನ್ನು ಬೆರೆಸುವ ಕ್ರಮವು ಬಳಕೆಗೆ ಬಂತು. ೧೯೪೩ರಲ್ಲಿ ಎಮಿಲ್ ಗಾನ್ಯಾನ್ ಮತ್ತು ಜಾಕ್ ಕುಸ್ತೋ ಎಂಬ ಫ್ರೆಂಚರು, ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನಿಂದ ಸುತ್ತಣ ನೀರಿನ ಒತ್ತಡಕ್ಕೆ ಸಮನಾದ ಗಾಳಿಯನ್ನು ಬೇಕಾದಾಗ ಬೇಕಾದಷ್ಟೇ ಒದಗಿಸುವ ಕವಾಟವನ್ನು ರೂಪಿಸಿದರು. ಮೇಲಿನಿಂದ ಬರುವ ಕೊಳವೆಯೂ ಹಗ್ಗವೂ ಇಲ್ಲದೆ ಮನುಷ್ಯನು ಮೀನಿನಂತೆ ಸ್ವತಂತ್ರನಾದನು. ಆದರೆ ಕೊಳವೆಯೊಡನೆ, ಏರುವ ಹೊತ್ತನ್ನು ಮೇಲಿನಿಂದ ನಿಯಂತ್ರಿಸುತ್ತಿದ್ದವರ ಕೈಯೂ ತಪ್ಪಿತು. ನಿಯಮವನ್ನು ಈಗ ಪ್ರತಿಯೊಬ್ಬನೂ ತಾನೇ ಪಾಲಿಸಬೇಕಾಯಿತು. ಇನ್ನೊಂದು ಎಚ್ಚರವೂ ಮುಖ್ಯವಾಯಿತು. ೩೩ ಅಡಿಯಲ್ಲಿ ಎದೆಯ ತುಂಬ ಗಾಳಿಯನ್ನು ಎಳೆದುಕೊಂಡು ಉಸಿರು ಬಿಗಿಹಿಡಿದು ಮೇಲೇರಿದರೆ ಆ ಗಾಳಿಯು ಇಮ್ಮಡಿಯಾಗಲು ಯತ್ನಿಸಿ ಶ್ವಾಸಕೋಶವನ್ನು ಹರಿದೀತು. ಮನ್ನಾರಿನ ಮುಳುಗುಗಾರನಿಗೆ ಪ್ರಾಣಾಧಾರವಾಗಿದ್ದ ಕುಂಭಕವು ಈ ಹೊಸ ಮುಳುಗುಗಾರನಿಗೆ ಪ್ರಾಣಾಂತಕ.

ಇಂದು ಉತ್ತರ ಕನ್ನಡದ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವ್ಯಾಸಿಗಳು ಸಿಲಿಂಡರನ್ನು ಹೊತ್ತು ಇಳಿಯುತ್ತಾರೆ. ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದು, ಮೆಲ್ಲನೆ ಏರಬೇಕು, ಮೇಲ್ಮೈಗೆ ೧೫ ಅಡಿಯಷ್ಟು ಕೆಳಗೆ ಮೂರು ನಿಮಿಷ ನಿಲ್ಲಬೇಕು ಎಂಬುವು ಈ ಹವ್ಯಾಸದಲ್ಲಿ ಎಲ್ಲೆಡೆಯೂ ಕಲಿಸುವ ಪಾಠಗಳು. ಮುಂಗೈಯಲ್ಲಿ ಗಡಿಯಾರದಂತೆ ಕಟ್ಟಿಕೊಳ್ಳುವ ಯಂತ್ರವು ದೇಹದ ಸಾರಜನಕವನ್ನು ಕ್ಷಣಕ್ಷಣವೂ ಲೆಕ್ಕಹಾಕುತ್ತದೆ. ದೇಹವನ್ನು ಬೇರೆ ಬೇರೆ ವೇಗದ ವರ್ಗಗಳಾಗಿ ಎಣಿಸುವ ಅದರ ಕ್ರಮಕ್ಕೆ ಮೂಲವು ಹಾಲ್ಡೇನನ ಐದು ವರ್ಗಗಳು.

ಬಾಯ್ಲನ ನಿಯಮದಲ್ಲಿ ದೋಷವಿರಲಿಲ್ಲ. ಹಾವಿನ ಕಣ್ಣಿನ ಗುಳ್ಳೆಯೂ ಸುಳ್ಳಾಗಿರಲಿಲ್ಲ. ಇಷ್ಟಾದರೂ ನಿಯಮವು ಗ್ರಂಥದಿಂದ ಹೊರಟು ಕೂಲಿಯ ಕೀಲಿನವರೆಗೆ ಬರಲು ಎರಡೂವರೆ ಶತಮಾನಗಳು ಹಿಡಿದುವು. ಭೌತಶಾಸ್ತ್ರಜ್ಞನು ಗಾಳಿಯನ್ನು ಬಲ್ಲನು, ವೈದ್ಯನು ರೋಗಿಯನ್ನು ಬಲ್ಲನು, ಎಂಜಿನಿಯರನು ಕಂಬವನ್ನು ಬಲ್ಲನು. ಈ ಮೂರು ಜ್ಞಾನಗಳು ಒಂದೆಡೆ ಸೇರುವವರೆಗೆ ನೋವನ್ನು ಅನುಭವಿಸಿದವನು ಇವರು ಮೂವರೂ ಅಲ್ಲದ ನಾಲ್ಕನೆಯವನು. ಅವನ ಹೆಸರು ಚರಿತ್ರೆಯಲ್ಲಿ ಬಹುಮಟ್ಟಿಗೆ ಉಳಿದಿಲ್ಲ. ಮೇಲ್ಮೈಗೆ ಹದಿನೈದು ಅಡಿ ಕೆಳಗೆ ನಿಲ್ಲುವ ಆ ಮೂರು ನಿಮಿಷಗಳು ಅವನಿಂದ ಬಂದ ಸ್ವತ್ತೆಂದು ತಿಳಿಯುವುದು ನ್ಯಾಯವಾದುದು.